ಹೊಗೆಕೊಳವೆ ಬಗ್ಗಿಸುವಿಕೆ

ಎಂಜಿನ್ನಿನ ಬಿಸಿ ಅನಿಲವನ್ನು ಸೈಲೆನ್ಸರಿಗೆ, ಅಲ್ಲಿಂದ ವಾಹನದ ಹಿಂಬದಿಗೆ ಸಾಗಿಸುವ ಉಕ್ಕಿನ ಪೈಪನ್ನು ಬೇಕಾದ ತಿರುವಿಗೆ ತರುವ ಕೆಲಸ. ಕಾರ್ಖಾನೆಗಳಲ್ಲಿ ಇದನ್ನು ಮ್ಯಾಂಡ್ರೆಲ್ ಯಂತ್ರ ಮಾಡುತ್ತದೆ. ಬಾಗುವ ಜಾಗದಲ್ಲಿ ಪೈಪಿನೊಳಗೆ ನಿಂತ ಉಕ್ಕಿನ ಗುಂಡು ಗೋಡೆ ಕುಸಿಯದಂತೆ ತಡೆಯುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯಂಥ ಊರುಗಳ ವೆಲ್ಡಿಂಗ್ ಅಂಗಡಿಗಳ ಮಟ್ಟದಲ್ಲಿ ಆ ಗುಂಡಿನ ಕೆಲಸವನ್ನು ಮಾಡಬಲ್ಲದ್ದು ಒಣ ಮರಳು.

ಹಿನ್ನೆಲೆ

ಭತ್ತ, ಮೆಕ್ಕೆಜೋಳ, ಅಡಿಕೆಯ ಈ ಸೀಮೆಯಲ್ಲಿ ಟ್ರ್ಯಾಕ್ಟರು, ಟಿಲ್ಲರುಗಳು ಬರುವ ಮೊದಲು ಕಬ್ಬಿಣ ಬಗ್ಗಿಸುವವರೆಂದರೆ ಕಮ್ಮಾರರು. ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವುದು ಅವರ ದೊಡ್ಡ ಕೆಲಸ: ಪಟ್ಟಿಯನ್ನು ಬಳೆಯಾಗಿ ಬೆಸೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿರುವಾಗಲೇ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಬಿಗಿಯುತ್ತಿತ್ತು. ಕಾವನ್ನು ಬಣ್ಣದಿಂದಲೇ ಅಳೆಯುವ ಆ ಕಣ್ಣು ಪೈಪಿನ ಕೆಲಸಕ್ಕೂ ಬೇಕು. ಜಿಲ್ಲೆಯಲ್ಲೇ ಇರುವ ಭದ್ರಾವತಿಯ ಕಾರ್ಖಾನೆ 1923ರಿಂದ ಕಬ್ಬಿಣ ಕೊಟ್ಟಿತಾದರೂ ಈ ಕುಶಲತೆಯ ಬೇರು ಬಹುಮಟ್ಟಿಗೆ ಹಳ್ಳಿಯ ಕುಲುಮೆಯಲ್ಲೇ ಇದೆ ಎನ್ನಬಹುದು.

ಮರಳು ತುಂಬಿ ಬಗ್ಗಿಸುವ ವಿಧಾನ

ಮೊದಲು ವಾಹನದಡಿ ಮಲಗಿ 6 ಮಿ.ಮೀ. ಕಂಬಿಯೊಂದನ್ನು ದಾರಿಗೆ ತಕ್ಕಂತೆ ಬಗ್ಗಿಸಿ ಅಚ್ಚು ತೆಗೆಯಬೇಕು. ಮರಳನ್ನು ತೊಳೆದು, ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ತೇವ ಪೂರ್ತಿ ಕಳೆಯುವುದು ಮುಖ್ಯ. ತುದಿಗಳಿಗೆ ಬಿರಡೆ ಬಡಿದು ಮುಚ್ಚಿದ ಪೈಪಿನಲ್ಲಿ ಉಳಿದ ನೀರು ಆವಿಯಾದರೆ ಬಿರಡೆ ಗುಂಡಿನಂತೆ ಸಿಡಿಯುತ್ತದೆ. ಬಿರಡೆಗೆ ಸಣ್ಣ ತೂತು ಕೊರೆದಿರಬೇಕು, ಅದರ ನೇರಕ್ಕೆ ಯಾರೂ ನಿಲ್ಲಬಾರದು. ಮರಳು ಹಾಕುತ್ತಾ ಪೈಪನ್ನು ಕೆಳಗಿನಿಂದ ಮೇಲಕ್ಕೆ ಬಡಿಯುತ್ತಾ ಹೋದರೆ ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು. ಬಡಿದಾಗ ಟೊಳ್ಳು ಸದ್ದು ಹೋಗಿ ಮಂದ ಸದ್ದು ಬರುವತನಕ ಇದು ಮುಗಿಯುವುದಿಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ಬೆಂಕಿಯಲ್ಲಿ ಅಲ್ಲ.

ನೆಲಕ್ಕೆ ಬಿಗಿದ 10 ಇಂಚಿನ ಹಳೆಯ ಸ್ಕೂಟರ್ ರಿಮ್ ಒಳ್ಳೆಯ ಅಚ್ಚಾಗುತ್ತದೆ. 45 ಮಿ.ಮೀ. ಪೈಪನ್ನು ಅದಕ್ಕೆ ಒರಗಿಸಿ ಬಗ್ಗಿಸಿದರೆ ತಿರುವಿನ ಮಧ್ಯರೇಖೆಯ ತ್ರಿಜ್ಯ ಸುಮಾರು 150 ಮಿ.ಮೀ.; 90 ಡಿಗ್ರಿ ತಿರುವಿಗೆ ಸುಮಾರು 236 ಮಿ.ಮೀ. ಉದ್ದ ಕಾಯಿಸಬೇಕು. ಹೊರಬದಿ ಹಿಗ್ಗುವುದರಿಂದ 1.6 ಮಿ.ಮೀ. ಗೋಡೆ ಅಲ್ಲಿ ಸುಮಾರು 1.4ಕ್ಕೆ ತೆಳುವಾಗುತ್ತದೆ. ಪೈಪಿನ ಉದ್ದದ ಬೆಸುಗೆಗೆರೆ ಒಳಕ್ಕೂ ಹೊರಕ್ಕೂ ಬರದೆ ಪಕ್ಕಕ್ಕೆ ನಿಂತರೆ ಸೀಳುವ ಭಯ ಕಡಿಮೆ. ಕಿತ್ತಳೆಗೆಂಪು ಬಣ್ಣದಲ್ಲಿ ನಿಧಾನವಾಗಿ ಎಳೆಯಬೇಕು. ನೀಲಿ ಬಣ್ಣದ ಹಂತದಲ್ಲಿ, ಅಂದರೆ ಸುಮಾರು 200ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉಕ್ಕು ಪೆಡಸಾಗಿರುತ್ತದೆ. ನೀರು ಹೊಯ್ಯದೆ ಗಾಳಿಗೆ ಆರಲು ಬಿಡಬೇಕು. ಸತು ಲೇಪಿಸಿದ ನೀರಿನ ಜಿ.ಐ. ಪೈಪನ್ನು ಇದಕ್ಕೆ ಬಳಸಲೇಬಾರದು: ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ, ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಪ್ಲಂಬರನ ಹೈಡ್ರಾಲಿಕ್ ಬೆಂಡರ್ ದಪ್ಪ ಗೋಡೆಯ ಪೈಪಿಗೆ ಮಾಡಿದ್ದು. ತೆಳು ಪೈಪನ್ನು ಅದು ಚಪ್ಪಟೆ ಮಾಡುತ್ತದೆ.

ಇತರ ವಿಧಾನಗಳು

ಓರೆಯಾಗಿ ಕತ್ತರಿಸಿದ ತುಂಡುಗಳನ್ನು ಬೆಸೆದೂ ತಿರುವು ಮಾಡಬಹುದು. ನಾಲ್ಕು ಜೋಡಣೆಯ 90 ಡಿಗ್ರಿ ತಿರುವಿಗೆ ಪ್ರತಿ ಮುಖವನ್ನೂ 11.25 ಡಿಗ್ರಿ ಓರೆಯಲ್ಲಿ ಕೊಯ್ಯಬೇಕು.

ಕಾನೂನು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಟ್ರ್ಯಾಕ್ಟರಿಗೂ ಸೈಲೆನ್ಸರ್ ಕಡ್ಡಾಯ ಮಾಡಿದೆ. 113ನೇ ನಿಯಮದಂತೆ ಹೊಗೆಕೊಳವೆ ಇಂಧನದ ಕೊಳವೆಯಿಂದ 35 ಮಿ.ಮೀ.ಗಿಂತ ಹತ್ತಿರ ಇರಬಾರದು. ಅನುಮತಿಯಿಲ್ಲದ ಮಾರ್ಪಾಟಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಹಾಗಾಗಿ ತುಕ್ಕು ತಿಂದ ಪೈಪಿನ ಜಾಗಕ್ಕೆ ಅದೇ ಅಳತೆಯ, ಅದೇ ದಾರಿಯ ಪೈಪು ಕೂರಿಸುವುದೇ ಈ ವಿಧಾನದ ಸರಿಯಾದ ಬಳಕೆ.