ಪದರು ಅಸ್ಮಿತೆ (ಕಲ್ಪಿತ ಲೋಕಗಳಲ್ಲಿ)

ಆಧುನಿಕಪೂರ್ವ ಕಾಲ್ಪನಿಕ ಲೋಕದ ಜನರಿಗೆ ಕುಲ, ಸೀಮೆ, ಭಾಷೆ, ರಾಜನಿಷ್ಠೆ ಮುಂತಾದ ಹಲವು ಗುರುತುಗಳನ್ನು ಒಂದರೊಳಗೊಂದು ಹೆಣೆಯುವ ಕಥನಕಲೆ. ಜೆ. ಆರ್. ಆರ್. ಟೋಲ್ಕಿನ್ನರ ‘ದ ಲಾರ್ಡ್ ಆಫ್ ದ ರಿಂಗ್ಸ್’ (1954–55) ಇದಕ್ಕೆ ಸೊಗಸಾದ ನಿದರ್ಶನ. ಅಲ್ಲಿನ ಶೈರ್ ನಾಡಿನ ಹಾಬಿಟ್‌ಗಳಲ್ಲಿ ಮೂರು ಮೂಲ ಕುಲಗಳು. ನಾಡು ಸಿಕ್ಕಿದ್ದು ದೊರೆಯ ಅನುಮತಿಯಿಂದ. ದೊಡ್ಡ ಸೇತುವೆ, ರಸ್ತೆಗಳನ್ನು ಸುಸ್ಥಿತಿಯಲ್ಲಿಡಬೇಕೆಂಬುದು ಕರಾರು. ಆ ಅರಸೊತ್ತಿಗೆ ಅಳಿದು ಸಾವಿರ ವರ್ಷವಾಗುತ್ತ ಬಂದರೂ ಜನ ಅದರ ಕಟ್ಟಳೆಗಳನ್ನೇ ಪಾಲಿಸುತ್ತಾರೆ. ಹೊಳೆಯಾಚೆಯ ಬಕ್‌ಲ್ಯಾಂಡಿನವರೂ ಹಾಬಿಟ್‌ಗಳೇ. ಆದರೆ ಅವರು ದೋಣಿ ನಡೆಸುತ್ತಾರೆ, ಕತ್ತಲಾದರೆ ಬಾಗಿಲಿಗೆ ಬೀಗ ಹಾಕುತ್ತಾರೆ. ಈಚೆ ದಡದವರ ಕಣ್ಣಿಗೆ ವಿಚಿತ್ರ ಜನ. ಉದ್ದುದ್ದ ವಂಶಾವಳಿಗಿಂತ ಈ ಬೀಗವೇ ಗಡಿಸೀಮೆಯ ಬದುಕನ್ನು ಹೆಚ್ಚು ನಂಬಿಸುತ್ತದೆ: ಅವರ ಬೇಲಿಗೆ ಹೊಂದಿಕೊಂಡೇ ಇದೆ, ಭಯ ಹುಟ್ಟಿಸುವ ಹಳೆಯ ಕಾಡು.