ಕರ್ಜಿಕಾಯಿಗೂ ಕ್ರಿಸ್‌ಮಸ್‌ಗೂ ಏನು ನಂಟು?

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಕಡೆ ಡಿಸೆಂಬರ್ ಎಂದರೆ ಭತ್ತದ ಕೊಯ್ಲು, ಒಕ್ಕಲಿನ ಕಾಲ. ಇಲ್ಲಿ ಹಿಮ ಬೀಳುವುದಿಲ್ಲ, ಜಾರುಬಂಡಿ ಎಳೆಯುವ ಹಿಮಸಾರಂಗವೂ ಇಲ್ಲ. ಆದರೂ ಪೇಟೆಯ ಅಂಗಡಿಗಳಲ್ಲಿ ಹತ್ತಿಯ ಹಿಮ, ಬಿಳಿ ಗಡ್ಡದ ತಾತ, ಬಣ್ಣದ ನಕ್ಷತ್ರ ಕಾಣಿಸಿಕೊಂಡಾಗ ‘ಇದೆಲ್ಲ ಪರದೇಶದ ಹಬ್ಬ’ ಎನ್ನುವವರುಂಟು. ಆದರೆ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಯಿಂದ ಬರುವ ಕ್ರಿಸ್‌ಮಸ್ ತಟ್ಟೆಯನ್ನು ಒಮ್ಮೆ ನೋಡಿ. ಅದರಲ್ಲಿ ಕರ್ಜಿಕಾಯಿ ಇರುತ್ತದೆ, ಚಕ್ಕುಲಿ ಇರುತ್ತದೆ, ಎಳ್ಳುಂಡೆಯೂ ಇರುತ್ತದೆ. ನಮ್ಮ ಗೌರಿ ಹಬ್ಬದ, ದೀಪಾವಳಿಯ ತಿಂಡಿಗಳು ಆ ತಟ್ಟೆಗೆ ಬಂದದ್ದು ಹೇಗೆ?

ಇದಕ್ಕೆ ಉತ್ತರ ಹುಡುಕಲು ಮೊದಲು ಹಬ್ಬದ ಬುಡವನ್ನೇ ನೋಡಬೇಕು. ಕ್ರಿಸ್ತನು ಹುಟ್ಟಿದ ದಿನ ಯಾವುದೆಂದು ಬೈಬಲ್ ಹೇಳುವುದಿಲ್ಲ. ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಿದ್ಧವಾದ ಒಂದು ಪಂಚಾಂಗ ಸಂಗ್ರಹದಲ್ಲಿ ಡಿಸೆಂಬರ್ 25ರ ಉಲ್ಲೇಖ ಸಿಗುತ್ತದೆ. ಆ ದಿನವನ್ನೇ ಆರಿಸಿದ್ದೇಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ರೋಮನರ ಸೂರ್ಯದೇವನ ಹಬ್ಬದ ದಿನವನ್ನೇ ಕ್ರೈಸ್ತರು ತಮ್ಮದಾಗಿಸಿಕೊಂಡರು ಎಂಬುದು ಒಂದು. ಮೇರಿ ಗರ್ಭ ಧರಿಸಿದ್ದು ಮಾರ್ಚ್ 25ರಂದು ಎಂದು ನಂಬಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು.

ಯಾವುದೇ ಇರಲಿ, ರೋಮನರ ಲೆಕ್ಕದಲ್ಲಿ ಡಿಸೆಂಬರ್ 25 ಉತ್ತರಾಯಣ ಆರಂಭವಾಗುವ ದಿನವಾಗಿತ್ತು. ನಮ್ಮ ಮಕರ ಸಂಕ್ರಾಂತಿಯೂ ಉತ್ತರಾಯಣದ ಹಬ್ಬವೇ ಅಲ್ಲವೇ? ಸುಮಾರು 1700 ವರ್ಷಗಳ ಹಿಂದೆ ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುವುದೂ ಉತ್ತರಕ್ಕೆ ತಿರುಗುವುದೂ ಒಂದೇ ಹೊತ್ತಿಗೆ ಆಗುತ್ತಿದ್ದವು. ಭೂಮಿಯ ಅಕ್ಷ ಬಹು ನಿಧಾನವಾಗಿ ಬುಗುರಿಯಂತೆ ವಾಲಿ ಸುತ್ತುವುದರಿಂದ ಸಂಕ್ರಾಂತಿ ಜನವರಿ 14–15ಕ್ಕೆ ಸರಿದಿದೆ. ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರ್ 21–22ರಂದು. ಹೀಗೆ ಎರಡು ಹಬ್ಬಗಳೂ ಹಳೆಯ ಲೆಕ್ಕವನ್ನೇ ಹಿಡಿದು ನಿಂತಿವೆ.

ಹಬ್ಬದ ಮಿಕ್ಕ ಸಾಮಗ್ರಿಯೂ ಊರೂರಿನಿಂದ ಸೇರಿದ್ದೇ. ಗೋದಲಿಯನ್ನು ಜನಪ್ರಿಯಗೊಳಿಸಿದವನು ಇಟಲಿಯ ಸಂತ ಫ್ರಾನ್ಸಿಸ್. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿ ಕ್ರಿಸ್ತನ ಜನನದ ದೃಶ್ಯವನ್ನು ಜನರಿಗೆ ತೋರಿಸಿದ. ಕುತೂಹಲದ ಮಾತೆಂದರೆ, ಕ್ರಿಸ್ತಜನನದ ಕತೆ ಹೇಳುವ ಮತ್ತಾಯ, ಲೂಕರ ಸುವಾರ್ತೆಗಳಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಪೂರ್ವದಿಂದ ಬಂದ ಜ್ಞಾನಿಗಳು ಮೂವರು ಎಂದೂ ಅಲ್ಲಿ ಹೇಳಿಲ್ಲ. ಕಾಣಿಕೆ ಮೂರು ಬಗೆಯದಾದ್ದರಿಂದ ತಂದವರೂ ಮೂವರೆಂದು ಜನ ಎಣಿಸಿಕೊಂಡರು. ನಮ್ಮ ನಾಡಿಗೆ ಬಂದಾಗ ಗೋದಲಿಗೆ ಭತ್ತದ ಹುಲ್ಲಿನ ಮಾಡು ಬಂತು. ಅದರ ಮುಂದಿನ ಹಸಿರಿಗಾಗಿ ತಟ್ಟೆಯಲ್ಲಿ ರಾಗಿ, ಗೋಧಿಗಳನ್ನು ಮೊಳೆಯಿಸುವ ರೂಢಿ ಬೆಳೆಯಿತು. ನವರಾತ್ರಿಯಲ್ಲಿ ಘಟದ ಸುತ್ತ ಸಸಿ ಮೊಳೆಯಿಸುವ ಮನೆಯವರಿಗೆ ಇದೇನೂ ಹೊಸದಲ್ಲ.

ಕ್ರಿಸ್‌ಮಸ್ ಮರ ಜರ್ಮನರ ಕಾಣಿಕೆ. ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರವೊಂದು 1848ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲೆಂಡಿನ ಮನೆಮನೆಗೂ ಅದು ಹಬ್ಬಿತು. ನಮ್ಮಲ್ಲಿ ಅದರ ಬದಲಿಗೆ ಗಾಳಿಮರದ ಕೊಂಬೆ ನಿಂತಿತು. ಕಾಗದದ ನಕ್ಷತ್ರದ ಒಂದು ಮೂಲವೂ ಜರ್ಮನಿಯೇ: 1830ರ ದಶಕದಲ್ಲಿ ಅಲ್ಲಿನ ಮೊರೇವಿಯನ್ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠವಾಗಿ ಹುಡುಗರಿಂದ ಇದನ್ನು ಮಾಡಿಸುತ್ತಿದ್ದರು. ನಮ್ಮ ಕರಾವಳಿಯಲ್ಲಿ ಬಿದಿರ ಕಡ್ಡಿ, ಬಣ್ಣದ ಕಾಗದಗಳಿಂದ ಕಟ್ಟುವ ನಕ್ಷತ್ರವು ದೀಪಾವಳಿಯ ಗೂಡುದೀಪದ ತಂಗಿಯಂತೆಯೇ ಕಾಣುತ್ತದೆ. ಇನ್ನು ಸಾಂತಾಕ್ಲಾಸ್ ತಾತನ ಮೂಲಪುರುಷ ಇಂದಿನ ಟರ್ಕಿಯಲ್ಲಿದ್ದ ನಾಲ್ಕನೆಯ ಶತಮಾನದ ಬಿಷಪ್ ನಿಕೊಲಾಸ್. ಡಚ್ಚರು ಅವನನ್ನು ಸಿಂಟರ್‌ಕ್ಲಾಸ್ ಎಂದರು. ಆ ಹೆಸರೇ ಅಮೆರಿಕದಲ್ಲಿ ಸಾಂತಾಕ್ಲಾಸ್ ಆಯಿತು.

ಇಷ್ಟೊಂದು ಕೂಡಿಕೆಯನ್ನು ಸಹಿಸದವರೂ ಇದ್ದರು, ಅದೂ ಕ್ರೈಸ್ತರಲ್ಲೇ. ಬೈಬಲಿನಲ್ಲಿಲ್ಲದ ಹಬ್ಬ ಬೇಡವೆಂದು ಇಂಗ್ಲೆಂಡಿನ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್‌ಮಸ್ಸನ್ನೇ ರದ್ದುಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಗೊತ್ತುಮಾಡಿತು. ಆ ಕಾನೂನು 1681ರವರೆಗೂ ಇತ್ತು. ಗೋವಾದಲ್ಲಿ ನಡೆದದ್ದು ಇನ್ನೊಂದು ಬಗೆ. ಅಲ್ಲಿ 1560ರಲ್ಲಿ ಸ್ಥಾಪನೆಯಾದ ‘ಇನ್‌ಕ್ವಿಸಿಷನ್’ ಎಂಬ ಧಾರ್ಮಿಕ ನ್ಯಾಯಾಲಯವು, ಮತಾಂತರಗೊಂಡವರು ಹಳೆಯ ಆಚಾರಗಳನ್ನು ಬಿಟ್ಟಿದ್ದಾರೆಯೇ ಎಂದು ಕಣ್ಣಿಡುತ್ತಿತ್ತು. ಅದು 1736ರಲ್ಲಿ ಹೊರಡಿಸಿದ ಆಜ್ಞೆಯು ಮದುವೆಯ ಹಾಡು, ವೀಳ್ಯ, ತುಳಸಿಗಿಡಗಳಿಗಷ್ಟೇ ನಿಲ್ಲದೆ, ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಕಾನೂನು ಅಡುಗೆಮನೆಯ ಒಲೆಯವರೆಗೂ ಬಂದಿತ್ತು!

ಆ ಕಾಟ, ತೆರಿಗೆಯ ಭಾರ, ಯುದ್ಧ, ರೋಗರುಜಿನಗಳಿಂದ ಬೇಸತ್ತ ಅನೇಕ ಕೊಂಕಣಿ ಕ್ರೈಸ್ತ ಕುಟುಂಬಗಳು 16ರಿಂದ 18ನೆಯ ಶತಮಾನದವರೆಗೆ ತಂಡತಂಡವಾಗಿ ಕನ್ನಡ ಕರಾವಳಿಗೆ ಇಳಿದುಬಂದವು. ಆ ಕಾಲದ ಬಹುಭಾಗ ಆ ಸೀಮೆಯನ್ನಾಳುತ್ತಿದ್ದವರು ಈ ಮಲೆನಾಡಿನವರೇ ಆದ ಕೆಳದಿಯ ನಾಯಕರು. ಅವರ ಮೂಲಸ್ಥಾನ ಕೆಳದಿ ಇರುವುದು ಸೊರಬಕ್ಕೆ ನೆರೆಯ ಸಾಗರ ತಾಲ್ಲೂಕಿನಲ್ಲಿ. ವಲಸೆ ಬಂದವರು ಒಳ್ಳೆಯ ಬೇಸಾಯಗಾರರೆಂದು ತಿಳಿದ ನಾಯಕರು ಅವರಿಗೆ ನೆಲೆ ನೀಡಿದರು. ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಚರ್ಚು ಕಟ್ಟಲೂ ಅವಕಾಶವಿತ್ತರು. ತಮ್ಮವರೇ ಆದ ಕ್ರೈಸ್ತ ದೊರೆಗಳ ಕಾಟಕ್ಕೆ ಊರು ಬಿಟ್ಟವರಿಗೆ ಶಿವಭಕ್ತ ಅರಸರ ನಾಡಿನಲ್ಲಿ ಹೊಲ ಸಿಕ್ಕಿತು ಎಂಬುದನ್ನು ನಾವು ಮರೆಯಬಾರದು.

ಹೀಗೆ ಬಂದವರು ತಮ್ಮೊಡನೆ ತಂದ ತಿಂಡಿಗಳ ಬಳಗಕ್ಕೆ ‘ಕುಸ್ವಾರ್’ ಎಂದು ಹೆಸರು. ಅದರಲ್ಲಿನ ‘ನೆವ್ರಿ’ಯೇ ನಮ್ಮ ಕರ್ಜಿಕಾಯಿ. ನಮ್ಮಲ್ಲಿ ಕೊಬ್ಬರಿ, ಹುರಿಗಡಲೆ, ಬೆಲ್ಲ ತುಂಬಿದರೆ, ಅಲ್ಲಿ ಎಳ್ಳು, ಕಾಯಿತುರಿ, ಗೋಡಂಬಿ, ಒಣದ್ರಾಕ್ಷಿ. ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವ ‘ಕಿಡಿಯೊ’ಗೆ ಕೊಂಕಣಿಯಲ್ಲಿ ಹುಳು ಎಂದೇ ಅರ್ಥ, ಆಕಾರ ಹಾಗಿರುವುದರಿಂದ. ‘ಕೊಕ್ಕಿಸಾಂ’ ಎಂಬ ಹೂವಿನಾಕಾರದ ತಿಂಡಿಗೆ ಕಾದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸುತ್ತಾರೆ. ಇಂಥದೇ ಅಚ್ಚಿನ ತಿಂಡಿಯನ್ನು ದೂರದ ಸ್ವೀಡನ್, ನಾರ್ವೆಗಳಲ್ಲೂ ಕ್ರಿಸ್‌ಮಸ್‌ಗೆ ಕರಿಯುತ್ತಾರೆ. ಆದರೆ ನಮ್ಮ ಕೊಕ್ಕಿಸಾಂಗೆ ಬೇಕಾದ ಅಕ್ಕಿ ಹಿಟ್ಟು, ತೆಂಗಿನ ಹಾಲು ಇದೇ ಮಣ್ಣಿನವು.

ಡಿಸೆಂಬರ್ ಕೊನೆಯಲ್ಲಿ ಈ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಕಳಿಸುವುದು ವಾಡಿಕೆ. ಕೊಟ್ಟ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಹಿರಿಯರ ಮಾತು. ಅದರಂತೆ ದೀಪಾವಳಿಯಲ್ಲಿ ಒಂದು ಮನೆಯಿಂದ ಹೊರಟ ಕರ್ಜಿಕಾಯಿ, ಕ್ರಿಸ್‌ಮಸ್ಸಿನಲ್ಲಿ ನೆವ್ರಿಯಾಗಿ ಅದೇ ಮನೆಗೆ ಹಿಂದಿರುಗುತ್ತದೆ. ಪರದೇಶದ ಹಬ್ಬವೆನ್ನುವವರು ಆ ತಟ್ಟೆಯಿಂದ ಒಂದನ್ನು ಬಾಯಿಗೆ ಹಾಕಿಕೊಂಡು ನೋಡಲಿ. ರುಚಿ ಮಾತ್ರ ಅವರಿಗೆ ಪರಿಚಿತವೇ ಆಗಿರುತ್ತದೆ.