ನೀರಿಗೆ ಏನಂತಾರೆ?

ಹೊಸ ಭಾಷೆ ಕಲಿಯುವವರು ಮೊದಲು ಯಾವ ಮಾತನ್ನು ಕಲಿಯುತ್ತಾರೆ? ನಮ್ಮ ಇಂಗ್ಲಿಷ್ ಪಾಠಪುಸ್ತಕಗಳನ್ನು ನೋಡಿದರೆ 'ಇದು ಬೆಕ್ಕು, ಅದು ಇಲಿ' ಎನ್ನುವುದನ್ನು ಅಂತ ಅನ್ನಿಸುತ್ತದೆ. ನಾನೂ ಹಾಗೇ ಕಲಿತವಳು, ಹಾಗೇ ಕಲಿಸಿದವಳು. ಆದರೆ ಹೊಟ್ಟೆಪಾಡಿಗಾಗಿ ಭಾಷೆ ಕಲಿಯುವವರಿಗೆ ಬೆಕ್ಕು ಇಲಿಗಳ ಗೊಡವೆ ಇರುವುದಿಲ್ಲ. ನೀರು, ಎಷ್ಟು, ಕೊಡು, ಬೇಡ, ಈ ನಾಲ್ಕು ಬಂದರೆ ಅವರ ದಿನ ನಡೆಯುತ್ತದೆ. ಇದನ್ನು ನನಗೆ ಕಲಿಸಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಕಲಿಯಲು ಮಾತ್ರ ನಾನು ತಡಮಾಡಿದೆ.

2004ರ ಮಾತು. ಯಶವಂತನಗರದಲ್ಲಿ ಮನೆ ಮಾಡಿಕೊಂಡು ಹತ್ತಿರದ ಒಂದು ಶಾಲೆಗೆ ಹೋಗುತ್ತಿದ್ದೆ. ಅಂದಿನ ಪಾಠ ವಿಜಯನಗರಕ್ಕೆ ಬಂದ ವಿದೇಶೀ ಪ್ರವಾಸಿಗರು. ನಾನು ಕಪ್ಪುಹಲಗೆಯ ಮೇಲೆ ನಿಕೋಲೊ ಕೊಂತಿ, ಅಬ್ದುಲ್ ರಜಾಕ್, ಡೊಮಿಂಗೊ ಪಾಯಸ್, ಫರ್ನಾವೊ ನೂನಿಜ್ ಎಂದು ಪಟ್ಟಿ ಬರೆದು ತಿರುಗಿದರೆ, ಹಿಂದಿನ ಬೆಂಚಿನ ಹುಡುಗಿ ತಲೆ ಬಗ್ಗಿಸಿ ಬೇರೇನೋ ಬರೆಯುತ್ತಿದ್ದಾಳೆ. ಹತ್ತಿರದ ತಾಂಡಾದವಳು. ಹೋಗಿ ಪುಸ್ತಕ ಕಿತ್ತುಕೊಂಡೆ. ಗೆರೆ ಎಳೆದು ಮನೆ ಮಾಡಿ, ಎಡಗಡೆ ಕನ್ನಡ ಪದ, ಬಲಗಡೆ ಅರ್ಥವಾಗದ ಅಕ್ಷರಗಳು. ನೀರು ಎಂಬುದರ ಎದುರಿಗೆ 'ಮಾಯಿಂ', 'ವಾಸರ್', 'ಆಕ್ವಾ', 'ಮಿಜು'. ಒಂದು ಮನೆಯಲ್ಲಿ ಬರೀ 'ಓ' ಎಂದಿತ್ತು. ಬರೆಯುವುದನ್ನೂ ಅರ್ಧಕ್ಕೇ ಬಿಡುವ ಹುಡುಗಿ ಎಂದುಕೊಂಡೆ. ಫ್ರೆಂಚಿನಲ್ಲಿ ನೀರಿಗೆ 'ಓ' ಅಂತಲೇ ಅನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

"ಏನೇ ಇದು?" ಎಂದೆ.

"ಯಾಡೀಗ್ರಿ ಟೀಚರ್" ಎಂದಳು. ಲಂಬಾಣಿ ಮಾತಿನಲ್ಲಿ ಯಾಡಿ ಎಂದರೆ ತಾಯಿ.

ತಾಯಿ ಹಂಪಿ ಬಜಾರಿನಲ್ಲಿ ಕಸೂತಿ ಚೀಲ, ಕನ್ನಡಿ ಕೂರಿಸಿದ ದಿಂಬಿನ ಗವಸು, ಕವಡೆ ಸರ ಮಾರುತ್ತಿದ್ದಳು. ಸಂಡೂರಿನ ಲಂಬಾಣಿ ಕಸೂತಿಗೆ ಹೆಸರಿದೆ, ನಿಮಗೆ ಗೊತ್ತು. ಆಕೆಗೆ ಅಕ್ಷರ ಬಾರದು. ರಜೆಯಲ್ಲಿ ಜೊತೆಗೆ ಹೋಗುತ್ತಿದ್ದ ಮಗಳು ಅಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿಟ್ಟು, ರಾತ್ರಿ ತಾಯಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಇಷ್ಟನ್ನು ಕೇಳಿಯೂ ನಾನು, "ಪಾಠದ ಹೊತ್ತಿನಲ್ಲಿ ಯಾಪಾರವೇನೇ? ಮೊದಲು ಇಂಗ್ಲಿಷ್ ಸ್ಪೆಲಿಂಗ್ ನೆಟ್ಟಗೆ ಕಲಿ" ಎಂದು ಗದರಿ ಪುಸ್ತಕವನ್ನು ನನ್ನ ಬೀರುವಿನಲ್ಲಿ ಹಾಕಿದೆ. ಇಡೀ ತರಗತಿ ನಕ್ಕಿತು. ಆಮೇಲೆ ನಾನು ಹಲಗೆಯ ಕಡೆ ತಿರುಗಿ, ವಿದೇಶಿಯರು ನಮ್ಮ ನಾಡನ್ನು ಎಷ್ಟು ಹೊಗಳಿದರು ಎಂಬುದನ್ನು ಮುಂದುವರಿಸಿದೆ.

ಆ ವಿದೇಶಿಯರಿಗೆ ನಮ್ಮ ಮಾತು ಹೇಗೆ ತಿಳಿಯಿತು ಎಂದು ನಮ್ಮ ಪಠ್ಯ ಎಲ್ಲಿಯೂ ಹೇಳುವುದಿಲ್ಲ. ಮಕ್ಕಳೂ ಕೇಳುವುದಿಲ್ಲ. 1443ರಲ್ಲಿ ಹೆರಾತಿನ ಷಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಎರಡನೇ ದೇವರಾಯನ ಮುಂದೆ ನಿಂತಾಗ, ಅರಸ ಓಲೆಯನ್ನು ತೆಗೆದುಕೊಂಡು ದುಭಾಷಿಯ ಕೈಗೆ ಕೊಟ್ಟ. ಆ ದುಭಾಷಿ ಯಾರು? ಹೆಸರಿಲ್ಲ. ರಾಯಭಾರಿಗೆ ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ಚಿನ್ನದ ವರಹ ಸಲ್ಲುತ್ತಿದ್ದ ಲೆಕ್ಕವೆಲ್ಲ ಬರಹದಲ್ಲಿದೆ. ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸಿದವನಿಗೆ ಏನು ಸಿಕ್ಕಿತೋ ಅದು ಮಾತ್ರ ಇಲ್ಲ.

ಅಬ್ದುಲ್ ರಜಾಕನ ಕಣ್ಣು ಚುರುಕು. ಇಲ್ಲಿಯವರು ಬರೆಯುವ ಎರಡು ಬಗೆಯನ್ನೂ ಆತ ಗಮನಿಸಿದ್ದಾನೆ. ಒಂದು, ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆದು ಕಲ್ಲಿನ ಕಡ್ಡಿಯಿಂದ ಬಿಳಿ ಅಕ್ಷರ ಬರೆಯುವುದು. ನಮ್ಮ ಕಡತ, ಬಳಪ! ನಾವು ಚಿಕ್ಕವರಿದ್ದಾಗ ಕದ್ದು ತಿನ್ನುತ್ತಿದ್ದ ಬಳಪ ಐನೂರೈವತ್ತು ವರ್ಷದ ಹಿಂದೆಯೇ ಒಬ್ಬ ಪಾರಸಿ ಬರಹಗಾರನ ಪುಸ್ತಕ ಸೇರಿತ್ತು. ವರಹ, ಪ್ರತಾಪ, ಹಣ, ತಾರ ಎಂಬ ನಾಣ್ಯಗಳ ಹೆಸರನ್ನೂ ಆತ ಬರೆದುಕೊಂಡಿದ್ದಾನೆ. ಹೊಸ ಊರಿಗೆ ಬಂದವನು ಮೊದಲು 'ಎಷ್ಟು' ಎನ್ನುವುದನ್ನೇ ತಾನೇ ಕಲಿಯಬೇಕಾದದ್ದು.

ಕೊಂತಿ ಇವನಿಗಿಂತ ಮೊದಲು, ಸುಮಾರು 1420ರಲ್ಲಿ ಬಂದವನು. ವೆನಿಸ್ಸಿನ ಕಡೆಯ ವ್ಯಾಪಾರಿ. ಹೊರಡುವಾಗಲೇ ಬುದ್ಧಿವಂತಿಕೆ ಮಾಡಿ ದಮಾಸ್ಕಸ್ಸಿನಲ್ಲಿ ಅರಬ್ಬಿ ಕಲಿತ, ಮುಂದೆ ಪಾರಸಿಯನ್ನೂ ಕಲಿತು ಅವರ ಉಡುಪನ್ನೇ ತೊಟ್ಟ. ಪೂರ್ವದೇಶಗಳ ತಿರುಗಾಟದಲ್ಲಿ ಹೆಂಡತಿ ಮಕ್ಕಳೂ ಜೊತೆಗೂಡಿದರು. ಹಿಂದಿರುಗುವ ದಾರಿಯಲ್ಲಿ, ಈಜಿಪ್ಟಿನಲ್ಲಿ, ಹೆಂಡತಿ ಮತ್ತು ಇಬ್ಬರು ಮಕ್ಕಳು ಪ್ಲೇಗಿನಿಂದ ತೀರಿಕೊಂಡರು. ಕೊಂತಿ ಊರು ಸೇರಿ ತನ್ನ ಕತೆ ಹೇಳಿದ. ಪೋಪರ ಕಾರ್ಯದರ್ಶಿ ಪೊಜ್ಜಿಯೊ ಅದನ್ನು ಬರೆದುಕೊಂಡ. ಆ ಹೆಂಡತಿಗೆ ಎಷ್ಟು ಭಾಷೆ ಬರುತ್ತಿತ್ತೋ! ಬಂದರು ಬಂದರಿನಲ್ಲಿ ಮಕ್ಕಳಿಗೆ ಹಾಲು, ನೀರು, ಬೆಂಕಿ ಕೇಳಿ ತರಬೇಕಾದವಳು ಅವಳೇ ಇದ್ದಾಳು. ಅವಳ ಹೆಸರೂ ನಮಗೆ ಉಳಿದಿಲ್ಲ.

ಪಾಯಸ್, ನೂನಿಜ್ ಇಬ್ಬರೂ ಪೋರ್ಚುಗೀಸರು. ಮೊದಲನೆಯವನು ಕೃಷ್ಣದೇವರಾಯನ ಕಾಲದವನು, ಎರಡನೆಯವನು ಅಚ್ಯುತರಾಯನ ಕಾಲದ ಕುದುರೆ ವ್ಯಾಪಾರಿ. ಇವರ ಬರಹ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಮಲಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸ್ ಅಚ್ಚು ಹಾಕಿಸಿದ ಮೇಲೆ, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ. ಅದರಲ್ಲಿ ನಮ್ಮ ಹೆಸರುಗಳು ಪಟ್ಟ ಪಾಡು ನೋಡಬೇಕು. ವಿಜಯನಗರ 'ಬಿಸ್ನಗ' ಆಗಿದೆ, ರಾಯಚೂರು 'ರಾಚೋಲ್' ಆಗಿದೆ, ಕೃಷ್ಣರಾಯ 'ಕ್ರಿಸ್ನರಾವ್' ಆಗಿದ್ದಾನೆ. ಕಿವಿಗೆ ಬಿದ್ದದ್ದನ್ನು ತಮ್ಮ ಅಕ್ಷರದಲ್ಲಿ ಬರೆದರು, ಅಷ್ಟೆ. ನಾನು ಬೀರುವಿನಲ್ಲಿಟ್ಟಿದ್ದ ಪುಸ್ತಕದಲ್ಲಿ ಇದ್ದುದೂ ಅದೇ ಕೆಲಸ. ಅವರದ್ದಕ್ಕೆ ಐದು ಅಂಕದ ಪ್ರಶ್ನೆ, ಇವಳದ್ದಕ್ಕೆ ಬೈಗುಳ.

ನೂನಿಜನಿಗೆ ನಾವು ಹೆಂಗಸರು ಒಂದು ಉಪಕಾರ ನೆನೆಯಬೇಕು. ಅರಮನೆಯೊಳಗಿನ ಖರ್ಚಿನ ಲೆಕ್ಕ ಬರೆಯುವ ಹೆಂಗಸರಿದ್ದರು, ರಾಜ್ಯದ ವಿದ್ಯಮಾನ ಬರೆದಿಟ್ಟು ಹೊರಗಿನ ಗಂಡಸರು ಬರೆದದ್ದರ ಜೊತೆ ತಾಳೆ ನೋಡುವ ಹೆಂಗಸರೂ ಇದ್ದರು ಎಂದು ಅವನು ಹೇಳುತ್ತಾನೆ. ಆ ಲೆಕ್ಕದ ಪುಸ್ತಕಗಳಲ್ಲಿ ಒಂದು ಹಾಳೆ ಉಳಿದಿದ್ದರೂ ಸಾಕಿತ್ತು.

ಮಾತಿನ ವ್ಯಾಪಾರ ಒಂದು ಕಡೆಯದಲ್ಲ. ಅವರು ಹೋದರು, ಅವರ ಪದಗಳು ನಮ್ಮ ಮನೆಯಲ್ಲೇ ಉಳಿದವು. ಬೆಳಿಗ್ಗೆ ಎದ್ದು ಸೀರೆಗೆ ಇಸ್ತ್ರಿ ಹಾಕುತ್ತೇವೆ, ಅಲಮಾರಿಗೆ ಚಾವಿ ಹಾಕುತ್ತೇವೆ, ಪಲ್ಯಕ್ಕೆ ಬಟಾಟೆ ಹೆಚ್ಚುತ್ತೇವೆ, ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಕರೆಸುತ್ತೇವೆ, ತಿಂಗಳ ಕೊನೆಗೆ ಪಗಾರ ಎಣಿಸುತ್ತೇವೆ. ಎಲ್ಲ ಪೋರ್ಚುಗೀಸರ ಬಳುವಳಿ. ಕಾಗದ, ರುಮಾಲು, ಪರದೆ, ದರ್ಜಿ, ಗುಮಾಸ್ತೆ ಪಾರಸಿಯಿಂದ ಬಂದವರು. ಹಂಪಿ ಬಜಾರಿನ 'ಬಜಾರು' ಕೂಡ ಅಲ್ಲಿಯದೇ.

ಇನ್ನೂ ಹಿಂದಕ್ಕೆ ಹೋದರೆ ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕ, ಎರಡನೇ ಶತಮಾನದ್ದೆನ್ನುವ ಗ್ರೀಕ್ ಪ್ರಹಸನವೊಂದಿದೆ. ಕರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡೆಯ ಒಂದು ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ. ಅಣ್ಣ ಬಂದು ಅಲ್ಲಿಯ ದೊರೆಗೂ ಪರಿವಾರಕ್ಕೂ ಚೆನ್ನಾಗಿ ಮದ್ಯ ಕುಡಿಸಿ ಅವಳನ್ನು ಪಾರು ಮಾಡುತ್ತಾನೆ. ಆ ದೊರೆಯ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ನಮ್ಮ ಆರ್. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಮೇಲೆ ತಲೆ ಕೆಡಿಸಿಕೊಂಡರು. ತುಳು ಎನ್ನುವವರಿದ್ದಾರೆ, ಬರೀ ಗಿಲಿಬಿಲಿ ಎನ್ನುವವರೂ ಇದ್ದಾರೆ. ವಿದ್ವಾಂಸರ ಜಗಳಕ್ಕೆ ನಾನು ಹೋಗುವುದಿಲ್ಲ. ಕನ್ನಡವೆಂದು ಓದಿದವರಿಗೆ ಅಲ್ಲಿ ಕಂಡದ್ದು ಕುಡಿಯುವ, ಬಟ್ಟಲಿಗೆ ಸುರಿಯುವ ಮಾತುಗಳು ಎನ್ನುವುದು ಮಾತ್ರ ನನಗೆ ಇಷ್ಟವಾಯಿತು. ಹಡಗಿನಿಂದ ಇಳಿದವರು ಕಲಿತು ಹೋಗುವುದು ಅಂಥವನ್ನೇ.

ನಮ್ಮ ಬಳ್ಳಾರಿಗೇ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಪಾದ್ರಿ ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಅವರ ಸಂಗಡಿಗ ವಿಲಿಯಂ ರೀವ್ ನಿಘಂಟುಗಳನ್ನೇ ಮಾಡಿದರು. ಒಂದು 1824ರಲ್ಲಿ, ಇನ್ನೊಂದು 1832ರಲ್ಲಿ. ಕಿಟೆಲ್ಲರ ದೊಡ್ಡ ನಿಘಂಟಿಗೆ ಇನ್ನೂ ಅರವತ್ತು ವರ್ಷ ಇತ್ತು. ಅವರಿಗೆ ಪದ ಹೇಳಿಕೊಟ್ಟವರೂ ಯಾರೋ ಇದ್ದಿರಲೇಬೇಕು, ಮನೆಗೆಲಸದವರು, ಹಾಲಿನವರು, ಮುನಷಿಗಳು.

ಹುಡುಗಿ ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದಳು. ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ, ಅದರ ಮೇಲೆ ಏಳು ದೇಶದ ವ್ಯಾಪಾರದ ಮಾತು ಬಲ್ಲವಳು ಒಂದು ಭಾಷೆಯ ಸ್ಪೆಲಿಂಗಿನಲ್ಲಿ ಬಿದ್ದಳು. ಪುಸ್ತಕ ಕೇಳಲು ಬರಲಿಲ್ಲ. ನಾನೂ ಹೇಳಿ ಕಳಿಸಲಿಲ್ಲ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು ಕೆಡವಿದ ಸುದ್ದಿ ಓದಿದಾಗ ಬೀರು ತೆಗೆದು ನೋಡಿದೆ, ಗೆದ್ದಲು ಹತ್ತಿರಲಿಲ್ಲ. ಅಂದು ರಾತ್ರಿ ಕೂತು ಪೂರ್ತಿ ಓದಿದೆ. 'ದುಬಾರಿ' ಎನ್ನುವುದಕ್ಕೆ ಐದು ಭಾಷೆಯಲ್ಲಿ ಬರೆದಿದ್ದಳು, ಯಾಕೆಂದರೆ ಅದು ಗಿರಾಕಿ ಆಡುವ ಮಾತು, ಅರ್ಥವಾಗಲೇಬೇಕು. ಇಸ್ರೇಲಿನವರ 'ಲೋ' ಎಂದರೆ ಇಲ್ಲ ಎಂದು, ಪಕ್ಕದಲ್ಲಿ 'ಬೈಗುಳ ಅಲ್ಲ' ಎಂದು ಸೂಚನೆ ಬೇರೆ! ಉಪಕಾರ ಹೇಳುವ ಪದ ಎಲ್ಲ ಭಾಷೆಯಲ್ಲೂ ಇತ್ತು, ಕನ್ನಡದ ಮನೆ ಮಾತ್ರ ಖಾಲಿ. ನಿಜ, ನಾವು ಮನೆಯಲ್ಲಿ ಯಾರಿಗೆ ಧನ್ಯವಾದ ಹೇಳುತ್ತೇವೆ? ಅದು ಭಾಷಣದ ಮಾತು.

2020ರ ಮಾರ್ಚಿನಲ್ಲಿ ನದಿಯಾಚೆ ವಿರೂಪಾಪುರ ಗಡ್ಡೆಯ ವಸತಿಗೃಹಗಳೂ ಹೋದವು. ಸ್ಮಾರಕ ಉಳಿಯಬೇಕು ಎನ್ನುವವಳೇ ನಾನು, ಪಾಠದಲ್ಲಿ ಹಾಗೇ ಹೇಳುತ್ತೇನೆ. ಆದರೆ ಅಲ್ಲಿ ಇಂಥ ಎಷ್ಟು ಪುಸ್ತಕಗಳಿದ್ದವೋ ಎಂದೂ ಅನ್ನಿಸುತ್ತದೆ.

ಕೊರೊನಾ ಕಳೆದ ಮೇಲೆ ಒಂದು ದಿನ ಹಂಪಿಗೆ ಹೋದಾಗ, ಬಿಸಿಲಲ್ಲಿ ಸರ ಹಿಡಿದು ನಿಂತ ಹೆಂಗಸು "ಟೀಚರ್ ಅಲ್ಲೇನ್ರಿ?" ಎಂದಳು. ಅವಳ ಯಾಡಿ. ಮಗಳು ಗೋವಾದಲ್ಲಿದ್ದಾಳಂತೆ, ಸಮುದ್ರದ ದಂಡೆಯಲ್ಲಿ ಬಟ್ಟೆ ಸರ ಮಾರುತ್ತಾಳಂತೆ, ರಷ್ಯಾದವರೇ ಜಾಸ್ತಿಯಂತೆ. ಅಲ್ಲೇ ಮೊಬೈಲಿನಲ್ಲಿ ಮಾತಾಡಿಸಿದಳು. ನನಗೆ ಏನು ಕೇಳಬೇಕೋ ತಿಳಿಯದೆ, "ಅವರು ನೀರಿಗೆ ಏನಂತಾರೆ?" ಎಂದೆ.

"ವಾದಾ ರೀ ಟೀಚರ್" ಎಂದಳು, ತಡವಿಲ್ಲದೆ.

"ನಿನ್ನ ಪುಸ್ತಕ ನನ್ನ ಹತ್ತಿರ ಇದೆಯಮ್ಮಾ. ಅವತ್ತು ನಾನು ಮಾಡಿದ್ದು ಸರಿಯಲ್ಲ. ಕಳಿಸಿಕೊಡ್ತೀನಿ."

ನಕ್ಕಳು. "ಅವೆಲ್ಲ ಬಾಯಾಗ ಅದಾವ್ರಿ. ನೀವೇ ಇಟ್ಕೊಳ್ರಿ, ಹುಡುಗರಿಗೆ ತೋರಿಸ್ರಿ."

ಈ ವರ್ಷ ಪಾಯಸ್, ನೂನಿಜರ ಪಾಠದ ದಿನ ಪುಸ್ತಕವನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಮಕ್ಕಳು 'ಮಿಜು, ಮಿಜು' ಎಂದು ಗಲಾಟೆ ಎಬ್ಬಿಸಿದರು. ಕೊನೆಗೆ ಒಬ್ಬ ಎದ್ದು ನಿಂತು, ಇದು ಪರೀಕ್ಷೆಗೆ ಬರುತ್ತದಾ ಟೀಚರ್ ಎಂದು ಕೇಳಿದ.